ಕೆರೆಯ ದಡದಲ್ಲಿ ಬೇಸಗೆಯ ರಜೆ

ವೈಶಾಖ ಮಾಸವು ಕಾಲಿಟ್ಟು, ಮಕ್ಕಳ ಪರೀಕ್ಷೆಗಳು ಮುಗಿದು, ಶಾಲೆಯ ಬಾಗಿಲಿಗೆ ಬೀಗ ಬಿದ್ದಿತೆಂದರೆ ನಮ್ಮ ಬಯಲುಸೀಮೆಯ ಸಂಸಾರಗಳಲ್ಲಿ ಏಳುವ ಮೊದಲನೆಯ ಪ್ರಶ್ನೆ, ಈ ಸಲ ಎಲ್ಲಿಗೆ ಹೋಗೋಣವೆಂಬುದು. ಹಿಂದಿನವರಿಗೆ ಉತ್ತರವನ್ನು ಹುಡುಕುವ ಶ್ರಮವಿರಲಿಲ್ಲ. ಅಜ್ಜಿಯ ಮನೆಯೊಂದೇ ಉತ್ತರವಾಗಿತ್ತು. ಈಗಿನ ಮಕ್ಕಳಿಗಾದರೋ ಸಮುದ್ರವೇ ಆಗಬೇಕು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯು ನಮ್ಮ ಜಿಲ್ಲೆಯ ಕುಣಿಗಲ್ಲಿನ ಪಕ್ಕದಲ್ಲಿಯೇ ಹಾಯುತ್ತದೆ. ೨೦೧೭ರಿಂದ ಆ ಊರಿನ ಮೇಲೆ ಹಾಸನದ ಕಡೆಗೆ ರೈಲೂ ಓಡುತ್ತಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಆ ದಾರಿಯ ಬದಿಯಲ್ಲಿ ಒಂದು ಗಳಿಗೆ ನಿಂತರೆ ಸಾಕು; ಕಡಲಿಗೆ ಹೋಗುವ ಸಂಸಾರಗಳು ಗಂಟುಮೂಟೆಗಳೊಡನೆ ಒಂದರ ಹಿಂದೆ ಒಂದು ಓಡುವುದು ಕಾಣಬರುತ್ತದೆ. ಅವರಲ್ಲಿ ಕುಣಿಗಲ್ಲಿನಲ್ಲಿ ಇಳಿಯುವವರು ಕಾಫಿಗಾಗಿ ಇಳಿಯುವರೇ ಹೊರತು ಕೆರೆಗಾಗಿ ಅಲ್ಲ.

ಈ ಹಂಬಲವು ನಮ್ಮ ಜನಕ್ಕೆ ಮಾತ್ರವೇ ಬಂದದ್ದೆಂದು ತಿಳಿಯಬೇಕಾದುದಿಲ್ಲ. ಸ್ಪೇಯಿನ್ ದೇಶದ ರಾಜಧಾನಿಯಾದ ಮ್ಯಾಡ್ರಿಡ್ ನಗರವೂ ತುಮಕೂರಿನಂತೆಯೇ ಒಂದು ಪ್ರಸ್ಥಭೂಮಿಯ ಮೇಲೆ, ಕಡಲಿಗೆ ಬಹುದೂರವಾಗಿ ನಿಂತ ಊರು. ಎತ್ತರದಲ್ಲಿ ನಾವೇ ಒಂದು ಕೈ ಮೇಲು. ಅದು ಸಮುದ್ರಮಟ್ಟದಿಂದ ಸುಮಾರು ೨,೧೦೦ ಅಡಿ, ತುಮಕೂರು ಸುಮಾರು ೨,೭೦೦ ಅಡಿ. ಅಲ್ಲಿಂದ ಮೆಡಿಟರೇನಿಯನ್ ಸಮುದ್ರದ ತೀರದಲ್ಲಿರುವ ಅಲಿಕಾಂಟೆಗೆ ೧೮೫೮ರಲ್ಲಿ ರೈಲು ದಾರಿಯಾಯಿತು. ಆ ಶತಮಾನದ ಕೊನೆಯ ವರ್ಷಗಳಲ್ಲಿ, ಸಾಧಾರಣ ಸ್ಥಿತಿಯವರೂ ಕಡಲಿನಲ್ಲಿ ಮಿಂದು ಬರಲೆಂದು, ಬೇಸಗೆಯಲ್ಲಿ ಅಗ್ಗದ ರೈಲುಗಳನ್ನು ಬಿಡತೊಡಗಿದರು. ಜನರು ಅವುಗಳಿಗೆ ಇಟ್ಟ ಹೆಸರು ‘ಬೊತೀಹೊ ರೈಲು’ ಎಂದು. ಬೊತೀಹೊ ಎಂದರೆ ಮಣ್ಣಿನ ಹೂಜಿ. ದಾರಿಯುದ್ದಕ್ಕೂ ತಣ್ಣೀರು ಬೇಕೆಂದು ಪ್ರತಿಯೊಂದು ಸಂಸಾರವೂ ಒಂದೊಂದು ಹೂಜಿಯನ್ನು ಹೊತ್ತು ಗಾಡಿ ಹತ್ತುತ್ತಿತ್ತಂತೆ. ಇದನ್ನು ಓದಿದಾಗ ಆ ದೂರದೇಶದವರು ನಮ್ಮ ನೆಂಟರೇ ಎಂದು ನನಗೆ ತೋರಿತು. ಮುಂದೆ ಆ ತೀರದಲ್ಲಿ ಬೆನಿಡಾರ್ಮ್ ಮೊದಲಾದ ಬೆಸ್ತರ ಊರುಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಗಿಲೆತ್ತರದ ವಸತಿಗೃಹಗಳ ಪಟ್ಟಣಗಳಾದುವು. ಅವುಗಳ ಬಣ್ಣದ ಚಿತ್ರಗಳನ್ನು ಕಂಡೇ ನಮ್ಮ ಮನೆಯ ಹುಡುಗಿಯು, ಮರಳು, ಕೊಡೆ, ನೀಲಿಯ ನೀರು ಇವಿಲ್ಲದ ರಜೆಯು ರಜೆಯೇ ಅಲ್ಲವೆಂದು ಹಟ ಹಿಡಿದದ್ದು.

ಆದರೆ ನಮ್ಮ ಮನೆಯಲ್ಲಿ ಅತ್ತೆಯವರಿದ್ದಾರೆ. ಅವರಿಗೆ ಎಂಬತ್ತು ದಾಟಿದೆ. ಘಾಟಿಯ ತಿರುವುಗಳು ಅವರ ದೇಹಕ್ಕೆ ಆಗವು. ಅವರೊಬ್ಬರನ್ನೇ ಒಂದು ವಾರ ಮನೆಯಲ್ಲಿ ಬಿಡುವುದು ನಮ್ಮ ಮನಸ್ಸಿಗೆ ಆಗದು. “ನೀವು ಹೋಗಿಬನ್ನಿ, ನಾನು ಇಲ್ಲಿಯೇ ಜಪಮಾಡಿಕೊಂಡು ಇರುತ್ತೇನೆ” ಎಂದು ಅವರು ಹೇಳುತ್ತಲೇ ಇದ್ದರು. ಹಾಗೆ ಹೇಳುವವರ ಮುಖವನ್ನು ನೋಡಿದವರಾರೂ ಹೊರಡಲಾರರು. ಅವರ ತೌರು ಕುಣಿಗಲ್ಲಿನ ಬಳಿಯ ಒಂದು ಹಳ್ಳಿ. ಅಲ್ಲಿಗೆ ಹೋಗಿ ಹದಿನೈದು ವರ್ಷಗಳೇ ಆಗಿದ್ದುವು. ಕೊನೆಗೆ ಕಡಲಿನ ಮಾತನ್ನು ಬಿಟ್ಟು, ಏಳು ದಿನಗಳ ಮಟ್ಟಿಗೆ ಆ ಹಳ್ಳಿಯ ಮನೆಯಲ್ಲಿ ಇಳಿದುಕೊಂಡು ಕುಣಿಗಲ್ ಕೆರೆಯ ದಡದಲ್ಲಿಯೇ ರಜೆಯನ್ನು ಕಳೆಯುವುದೆಂದು ನಿಶ್ಚಯಿಸಿದೆವು. ಹುಡುಗಿಯು ಎರಡು ದಿನ ಊಟವನ್ನು ಅರ್ಧಕ್ಕೇ ಬಿಟ್ಟೆದ್ದಳು. ಹುಡುಗನು ಮಾತ್ರ, ಈಜಬಹುದೇ ಎಂದು ಒಂದೇ ಪ್ರಶ್ನೆಯನ್ನು ಕೇಳಿದನು. ಆ ಪ್ರಶ್ನೆಯ ವಿಚಾರವನ್ನು ಮುಂದೆ ಹೇಳುತ್ತೇನೆ.

ತುಮಕೂರಿನಿಂದ ಕುಣಿಗಲ್ಲಿಗೆ ಗೂಳೂರು, ಹೆಬ್ಬೂರುಗಳ ಮೇಲೆ ಒಂದು ಗಂಟೆಯ ದಾರಿ. ಗೂಳೂರಿನ ಬಳಿ ತುಸು ಒಳಕ್ಕೆ ತಿರುಗಿದರೆ ಕೈದಾಳ. ಹನ್ನೆರಡನೆಯ ಶತಮಾನದಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ಬಾಚಿರಾಜನೆಂಬ ಸಾಮಂತನು ಕಟ್ಟಿಸಿದ ಚೆನ್ನಕೇಶವನ ಗುಡಿಯು ಅಲ್ಲಿದೆ. ತಾನು ಕೆತ್ತಿದ ವಿಗ್ರಹದ ಕಲ್ಲಿನೊಳಗೆ ನೀರೂ ಕಪ್ಪೆಯೂ ಇವೆಯೆಂದು ಮಗನು ತೋರಿಸಿಕೊಟ್ಟಾಗ ಜಕಣಾಚಾರಿಯು ಕೈಯನ್ನು ಕತ್ತರಿಸಿಕೊಂಡನೆಂದೂ, ಈ ಊರಿನ ಕೇಶವನ ಕೃಪೆಯಿಂದ ಆ ಕೈ ಮರಳಿ ಬಂದಿತೆಂದೂ, ಆದಕಾರಣವೇ ಊರಿಗೆ ಈ ಹೆಸರಾಯಿತೆಂದೂ ಹೇಳುವ ಕಥೆಯನ್ನು ಎಲ್ಲರೂ ಕೇಳಿರುವರಷ್ಟೆ. ಅತ್ತೆಯವರು ಮಕ್ಕಳಿಗೆ ಅದನ್ನು ಮತ್ತೊಮ್ಮೆ ಹೇಳಿದರು. ನಮ್ಮ ಸೀಮೆಯಲ್ಲಿ ಕಲ್ಲಿನೊಳಗೂ ನೀರೇ ಕಥೆಯಾಗುತ್ತದೆ.

ಕುಣಿಗಲ್ ಕೆರೆಯ ಹಾಡನ್ನು ಕೇಳದ ಕನ್ನಡಿಗರಿಲ್ಲ. ಆದರೆ ಕೇಳಿದವರಲ್ಲಿ ಕೆರೆಯನ್ನು ಕಂಡವರು ನೂರಕ್ಕೆ ಐವರಾದರೂ ಇರುವರೋ ಇಲ್ಲವೋ. ನಾವು ಸಂಜೆಯ ಐದು ಗಂಟೆಗೆ ಏರಿಯ ಮೇಲೆ ಹತ್ತಿ ನಿಂತೆವು. ಬಿಸಿಲಿನಿಂದ ಬೆಂದು ಬಂದವರ ಮುಖಕ್ಕೆ ನೀರಿನ ಮೇಲಣ ಗಾಳಿಯು ತಟ್ಟಿದಾಗ, ಅದುವರೆಗೆ ಮೌನವ್ರತವನ್ನು ಹಿಡಿದಿದ್ದ ಹುಡುಗಿಯು “ಆಚೆಯ ದಡ ಎಲ್ಲಿ?” ಎಂದು ಕೇಳಿದಳು. ಕೆರೆಯು ಬೇಸಗೆಯಲ್ಲಿ ಕುಗ್ಗಿಯೂ ಅಷ್ಟು ವಿಸ್ತಾರವಾಗಿತ್ತು. ನೀರುಕಾಗೆಗಳು ಮುಳುಗಿ ಏಳುತ್ತಿದ್ದುವು. ಬೆಳ್ಳಕ್ಕಿಗಳು ಅಂಚಿನ ಕೆಸರಿನಲ್ಲಿ ಒಂಟಿಕಾಲಿನ ಮೇಲೆ ನಿಂತಿದ್ದುವು. ಅತ್ತೆಯವರು ಏರಿಯ ಕಲ್ಲಿನ ಮೇಲೆ ಕುಳಿತು, ಯಾರೂ ಕೇಳದೆಯೇ, ಆ ಹಾಡನ್ನು ಮೊದಲಿನಿಂದ ಕೊನೆಯವರೆಗೂ ಸಣ್ಣ ದನಿಯಲ್ಲಿ ಹಾಡಿದರು. ಮಕ್ಕಳಿಗೆ ಅದರ ಮೊದಲನೆಯ ನುಡಿ ಮಾತ್ರ ತಿಳಿದಿತ್ತು. ಇನ್ನುಳಿದುದೂ ಇದೆಯೆಂಬುದು ಅವರಿಗೆ ಅಂದೇ ಗೊತ್ತಾದುದು.

ಕೆರೆಗೂ ಕಡಲಿಗೂ ಇರುವ ಭೇದವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಕಡಲ ತೀರವನ್ನು ಯಾರೂ ಕಟ್ಟಲಿಲ್ಲ. ಕೆರೆಯಾದರೋ ಕೈಯಿಂದ ಕಟ್ಟಿದ್ದು. ಅದಕ್ಕೆ ಎರಡು ದಡಗಳುಂಟು. ಒಂದು ಏರಿಯ ಕಡೆಯದು. ಮಣ್ಣನ್ನು ಒಟ್ಟಿ, ನೀರಿನ ಮೈಗೆ ಕಲ್ಲನ್ನು ಹೊದಿಸಿ, ತಗ್ಗಾದ ಜಾಗವನ್ನು ಅಡ್ಡಗಟ್ಟಿದ್ದಾದುದರಿಂದ ಅಲ್ಲಿಯೇ ನೀರು ಎಲ್ಲಕ್ಕಿಂತ ಆಳ. ನೀರನ್ನು ಗದ್ದೆಗಳಿಗೆ ಬಿಡುವ ತೂಬು ಅಲ್ಲಿರುತ್ತದೆ. ಏರಿಯ ಒಂದು ತುದಿಯಲ್ಲಿ ಹೆಚ್ಚಾದ ನೀರು ಹರಿದುಹೋಗುವ ಕೋಡಿ ಇರುತ್ತದೆ. ಇನ್ನೊಂದು ದಡ ಏರಿಗೆ ಎದುರಾದದ್ದು, ಊರವರು ಕೆರೆಯಂಗಳವೆನ್ನುವುದು. ಅಲ್ಲಿ ನೆಲವು ಹಾಸಿದ ಚಾಪೆಯಂತೆ ಮೆಲ್ಲಗೆ ಇಳಿಯುತ್ತದೆ. ನೋಡುವವರಿಗೆ ಏರಿಯ ಕಲ್ಲಿನ ಮೆಟ್ಟಿಲು ಭದ್ರವಾಗಿ ಕಂಡು ಅಂಗಳದ ಕೆಸರು ಅಸಹ್ಯವಾಗಿ ಕಾಣುವುದು ಸಹಜ. ಆದರೆ ಮಕ್ಕಳ ಮಟ್ಟಿಗೆ ಮಾತು ತಿರುಗುಮುರುಗಾದದ್ದು. ಏರಿಯ ಕಲ್ಲು ಪಾಚಿಯಿಂದ ಜಾರುತ್ತದೆ, ಜಾರಿದವನಿಗೆ ಕಾಲು ನಿಲ್ಲುವುದಿಲ್ಲ. ಅಂಗಳದ ಕಡೆಯಲ್ಲಿಯೂ ಒಂದು ಮೋಸವುಂಟು. ಹೂಳೆಂದು ಮಣ್ಣೆಂದು ತೋಡಿ ಒಯ್ದ ಗುಂಡಿಗಳು ಮಳೆಗಾಲದಲ್ಲಿ ಮುಳುಗಿ, ಮೊಳಕಾಲುದ್ದದ ನೀರಿನ ನಡುವೆ ಆಳುದ್ದದ ಹೊಂಡಗಳಾಗಿ ಕಾದಿರುತ್ತವೆ. ನಮ್ಮ ನೆಂಟರ ಮನೆಯ ಹಿರಿಯರೊಬ್ಬರು ಮೊದಲನೆಯ ದಿನವೇ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ, ಕೈಯಲ್ಲಿ ಒಂದು ಬಿದಿರನ್ನು ಹಿಡಿದು, ನೀರಿನೊಳಗೆ ಊರಿ ಊರಿ ನೋಡಿ, ಸುಮಾರು ಐವತ್ತು ಮಾರಿನಷ್ಟು ಅಂಚನ್ನು ಮಕ್ಕಳಿಗೆ ಗೊತ್ತುಮಾಡಿಕೊಟ್ಟರು. ಎರಡು ತುದಿಗಳಿಗೂ ಕೆಂಪು ಬಟ್ಟೆಯನ್ನು ಕಟ್ಟಿದರು. ಸೊಂಟದ ಮಟ್ಟಕ್ಕೆ ಮೇಲ್ಪಟ್ಟು ಇಳಿಯಬಾರದು, ದೊಡ್ಡವರೊಬ್ಬರು ನೀರಿನಲ್ಲಿಯೇ ನಿಂತಿರಬೇಕು, ದಡದಲ್ಲಿ ಕುಳಿತು ಮಾತಾಡುತ್ತಿರುವುದು ಕಾವಲಲ್ಲ. ಇಷ್ಟು ಅವರ ಕಟ್ಟಳೆ. ಈಜಬಹುದೇ ಎಂಬ ಹುಡುಗನ ಪ್ರಶ್ನೆಗೆ ಉತ್ತರವು ಹೀಗೆ ದೊರಕಿತು. ಏಳು ದಿನಗಳೂ ಆ ಕಟ್ಟಳೆಯು ತಪ್ಪಲಿಲ್ಲ.

ದಿನಚರಿಯನ್ನು ಬಿಸಿಲೇ ಗೊತ್ತುಮಾಡಿತು. ನಸುಕಿನಲ್ಲಿ ಎದ್ದು ಕೆರೆಗೆ ಹೋದರೆ ಎಂಟು ಗಂಟೆಗೆ ಮರಳಬೇಕು. ಆಮೇಲೆ ರಾಗಿಯ ಅಂಬಲಿಯೋ ಮುದ್ದೆಯೋ, ಉಪ್ಪುಸಾರೋ. ನಡುಹಗಲೆಲ್ಲ ತೊಟ್ಟಿಯ ಮನೆಯ ನೆರಳಿನಲ್ಲಿ ಚೌಕಾಬಾರ, ಅಳಿಗುಳಿಮಣೆ, ನಿದ್ರೆ. ಹಗಲು ನಿದ್ರೆಯನ್ನು ನಾವು ಸೋಮಾರಿತನವೆನ್ನುತ್ತೇವೆ; ಸ್ಪೇಯಿನ್ನಿನವರು ಅದಕ್ಕೆ ‘ಸಿಯೆಸ್ತಾ’ ಎಂಬ ಚೆಂದದ ಹೆಸರನ್ನಿಟ್ಟು ಮರ್ಯಾದೆಯನ್ನು ತಂದುಕೊಟ್ಟಿದ್ದಾರೆ. ನಾಲ್ಕೂವರೆಗೆ ಬೆಲ್ಲದ ಪಾನಕವನ್ನು ಕುಡಿದು ಮತ್ತೆ ನೀರಿಗೆ.

ಹುಡುಗಿಯು ಎರಡನೆಯ ದಿನ ಒಂದು ಆಟವನ್ನು ಹೂಡಿದಳು. ಸಂಜೆ ನೀರಿನ ಅಂಚಿನಲ್ಲಿ ಒಂದು ಕಡ್ಡಿಯನ್ನು ನೆಟ್ಟಳು. ಮರುದಿನ ಸಂಜೆ ನೋಡಿದರೆ ಅಂಚು ಒಂದು ಅಡಿಗೂ ಹೆಚ್ಚಾಗಿ ಹಿಂದೆ ಸರಿದಿತ್ತು. ತೂಬನ್ನು ತೆರೆದಿದ್ದಾರೆಯೇ ಎಂದು ವಿಚಾರಿಸಿದರೆ, ಇಲ್ಲವೆಂದರು. ಬೇಸಗೆಯ ಬಿಸಿಲಿಗೂ ಗಾಳಿಗೂ ದಿನವೊಂದಕ್ಕೆ ಕಾಲು ಅಂಗುಲದಷ್ಟು ನೀರು ಆವಿಯಾಗಿ ಹೋಗುವುದು ನಮ್ಮ ಸೀಮೆಯಲ್ಲಿ ಸಾಮಾನ್ಯ. ನೆಲವು ಅಷ್ಟು ಮಟ್ಟಸವಾಗಿರುವಲ್ಲಿ ಕಾಲು ಅಂಗುಲವು ಇಳಿದರೆ ಅಂಚು ಒಂದು ಅಡಿಯಷ್ಟು ಹಿಂದಕ್ಕೆ ಹೋಗುತ್ತದೆ. ಹೂಜಿಯ ನೀರು ತಣ್ಣಗಿರುವುದಕ್ಕೂ ಇದೇ ಕಾರಣ. ಮಣ್ಣಿನ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಹೂಜಿಯಲ್ಲಿ ನಮಗೆ ಸುಖವನ್ನು ಕೊಡುವ ಕ್ರಿಯೆಯೇ ಕೆರೆಯನ್ನು ದಿನದಿನಕ್ಕೆ ತಿನ್ನುತ್ತಿರುವುದೆಂದು ಮಕ್ಕಳಿಗೆ ಹೇಳಿದಾಗ ಹುಡುಗಿಯು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಾಗಾದರೆ ಇನ್ನೆಷ್ಟು ಕಡ್ಡಿ ಉಳಿದಿದೆ?” ಎಂದಳು.

ಅದಕ್ಕೆ ಉತ್ತರ ಕೊಟ್ಟವರು ಬಿದಿರಿನ ಹಿರಿಯರು. ಅವರು ಚಿಕ್ಕಂದಿನಲ್ಲಿ ನೋಡಿದ್ದಂತೆ ಕೆರೆಗೆ ನೀರುಗಂಟಿಯೆಂಬವನೊಬ್ಬನು ಇರುತ್ತಿದ್ದನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದು ಅವನ ಮಾತಿನಂತೆ ನಡೆಯುತ್ತಿತ್ತು. ಬೇಸಗೆಯಲ್ಲಿ ಅಂಗಳವು ಒಣಗಿದಾಗ ಗಾಡಿಗಳನ್ನು ಕಟ್ಟಿಕೊಂಡು ಬಂದು ಹೂಳನ್ನು ತಮ್ಮ ಹೊಲಗಳಿಗೆ ಗೊಬ್ಬರವೆಂದು ಒಯ್ಯುತ್ತಿದ್ದರು. ಕೆರೆಗೆ ಆಳವೂ ಹೊಲಕ್ಕೆ ಸಾರವೂ ಒಂದೇ ಕೆಲಸದಿಂದ ಆಗುತ್ತಿತ್ತು. ಈಗ ಮಳೆಯನ್ನು ಕಾಯುವುದಕ್ಕಿಂತ ಹೇಮಾವತಿಯ ನಾಲೆಯ ನೀರನ್ನು ಕಾಯುವುದೇ ಹೆಚ್ಚಾಗಿದೆ. ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟಿನಿಂದ ಆ ನೀರು ನಮ್ಮ ಜಿಲ್ಲೆಗೆ ಬರುತ್ತದೆ. ತುಮಕೂರಿನಲ್ಲಿ ನಾವು ಕುಡಿಯುವುದೂ ಅದನ್ನೇ. “ನಾಲೆಯ ತುದಿಯಲ್ಲಿರುವವರಿಗೆ ಯಾವಾಗಲೂ ಅನುಮಾನ, ತಾಯಿ” ಎಂದು ಹಿರಿಯರು ನಕ್ಕರು. ನಾನು ನಗಲಿಲ್ಲ. ನಾಲೆಯು ಬೇಡವೆಂದು ಹೇಳುವವಳು ನಾನಲ್ಲ. ಆದರೆ ದೂರದ ನೀರು ಬರುತ್ತದೆಂದು ಮನೆಯ ಮುಂದಣ ಮಳೆಯ ಹಾದಿಗಳನ್ನು ಮುಚ್ಚಿಬಿಡುವುದು ಜಾಣತನವೆಂದು ನನಗೆ ತೋರುವುದಿಲ್ಲ.

ಊರಿನ ಬಳಿಯ ಕುದುರೆಗಳ ಫಾರಮ್ಮನ್ನು ಹೊರಗಿನಿಂದಲೇ ನೋಡಿದೆವು. ಟಿಪ್ಪುವಿನ ಕಾಲದಿಂದ ಹೆಸರಾದ ಜಾಗವದು. ನಾನೂರು ಎಕರೆಗೂ ಮಿಕ್ಕ ಹುಲ್ಲುಗಾವಲು, ಹಳೆಯ ಮರಗಳು. ಮೈಸೂರಿನ ಅಶ್ವದಳಕ್ಕೆ ಅಲ್ಲಿಂದ ಕುದುರೆಗಳು ಹೋಗುತ್ತಿದ್ದುವು. ಆ ದಳದವರೇ ೧೯೧೮ರ ಸೆಪ್ಟೆಂಬರಿನಲ್ಲಿ ಮೆಡಿಟರೇನಿಯನ್ ತೀರದ ಹೈಫಾ ಪಟ್ಟಣದ ಯುದ್ಧದಲ್ಲಿ ಹೋರಾಡಿದವರು. ನಮ್ಮ ಜಿಲ್ಲೆಯ ಹೆಸರು ಆ ಕಡಲಿಗೆ ಹೀಗೂ ಒಮ್ಮೆ ತಗುಲಿತ್ತೆಂದು ಹುಡುಗನಿಗೆ ಹೇಳಿದೆ.

ಐದನೆಯ ದಿನ ಎಡಿಯೂರಿನ ಸಿದ್ಧಲಿಂಗೇಶ್ವರರ ದರ್ಶನವನ್ನು ಮಾಡಿ, ದಾಸೋಹದಲ್ಲಿ ಊಟವನ್ನು ಮುಗಿಸಿ, ಮಾರ್ಕೋನಹಳ್ಳಿಯ ಜಲಾಶಯಕ್ಕೆ ಹೋದೆವು. ಶಿಂಷಾ ನದಿಗೆ ಅಡ್ಡಲಾಗಿ ನಡುವೆ ಕಲ್ಲಿನ ಕಟ್ಟಡ, ಎರಡು ಪಕ್ಕಗಳಲ್ಲೂ ಮಣ್ಣಿನ ಏರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಯೋಜನೆ. ಇದರ ವಿಶೇಷವೆಂದರೆ ಸೈಫನ್ನುಗಳು. ಬಾಗಿಲಿಲ್ಲ, ತಿರುಗಿಸುವ ಚಕ್ರವಿಲ್ಲ, ತೆರೆಯುವ ಆಳಿಲ್ಲ. ಕಟ್ಟೆಯ ತಲೆಯ ಮೇಲೆ ಬಗ್ಗಿದ ಕೊಳವೆಯೊಂದು ಮುಸುಕಿನಂತೆ ಕುಳಿತಿರುತ್ತದೆ. ನೀರು ಗೊತ್ತಾದ ಮಟ್ಟಕ್ಕೆ ಏರಿ ಒಳಗಿನ ಅಂಚನ್ನು ದಾಟಿ ಹರಿಯತೊಡಗಿದೊಡನೆ ಕೊಳವೆಯೊಳಗಿನ ಗಾಳಿಯನ್ನು ತನ್ನೊಡನೆ ಸೆಳೆದುಕೊಂಡು ಹೋಗುತ್ತದೆ. ಗಾಳಿಯು ಹೋದ ಮೇಲೆ ಕೊಳವೆಯು ತುಂಬಿ, ಮೇಲಿನಿಂದ ಕೆಳಗಿನವರೆಗಿನ ಇಳಿತದ ಬಲವೆಲ್ಲವೂ ಸೇರಿ ನೀರನ್ನು ಹೀರುತ್ತದೆ. ಮಟ್ಟವು ಇಳಿದು ಬಾಯಿಗೆ ಗಾಳಿ ನುಗ್ಗಿದಾಗ ತಾನಾಗಿಯೇ ನಿಲ್ಲುತ್ತದೆ. ಅಂಗುಲಗಳಷ್ಟೇ ಮಟ್ಟವೇರಿದರೂ ಪ್ರವಾಹದಷ್ಟು ನೀರನ್ನು ದಾಟಿಸಬಲ್ಲ ಉಪಾಯವಿದು, ಅಣೆಕಟ್ಟಿಗೆ ಕ್ಷೇಮ. ಆದರೆ ಕೆಳಗೆ ನಿಂತವರಿಗೆ? ಈ ಗಳಿಗೆಯಲ್ಲಿ ಬಂಡೆಗಳ ನಡುವೆ ಪಾದ ನೆನೆಯುವಷ್ಟು ತಿಳಿನೀರು, ಮರುಗಳಿಗೆಯಲ್ಲಿ ಹೊಳೆ. ನಾವು ಹೋದಾಗ ಬೇಸಗೆಯಾಗಿ ನೀರು ಬಹಳ ಕೆಳಗಿತ್ತು, ಸೈಫನ್ನುಗಳು ಒಣಗಿದ್ದುವು. ೨೦೨೫ರ ಅಕ್ಟೋಬರ್ ತಿಂಗಳಲ್ಲಿ, ಜಲಾಶಯವು ತುಂಬಿದ್ದಾಗ, ತುಮಕೂರಿನಿಂದ ವಿಹಾರಕ್ಕೆಂದು ಬಂದಿದ್ದ ಒಂದು ಸಂಸಾರದ ಆರು ಮಂದಿ, ಹೆಂಗಸರೂ ಮಕ್ಕಳೂ, ಇದ್ದಕ್ಕಿದ್ದಂತೆ ನುಗ್ಗಿದ ನೀರಿನಲ್ಲಿ ಇಲ್ಲಿ ಕೊಚ್ಚಿಹೋದರು. ಅವರೂ ನಮ್ಮಂತೆಯೇ ಬುತ್ತಿಯನ್ನು ಕಟ್ಟಿಕೊಂಡು, ಮಕ್ಕಳಿಗೆ ನೀರನ್ನು ತೋರಿಸಲೆಂದು ಹೊರಟು ಬಂದವರಲ್ಲವೇ! ಅತ್ತೆಯವರು ಕೈಮುಗಿದರು. ಬುತ್ತಿಯನ್ನು ಅಲ್ಲಿ ಬಿಚ್ಚಲು ಯಾರಿಗೂ ಮನಸ್ಸಾಗಲಿಲ್ಲ. ಸೋದರಿಯರಲ್ಲಿ ನನ್ನದೊಂದು ಬಿನ್ನಹ: ಕಟ್ಟೆಯ ಮೇಲುಗಡೆ ನಿಂತು ನೋಡಿರಿ, ಎಷ್ಟು ಹೊತ್ತಾದರೂ ನೋಡಿರಿ, ಮಳೆಗಾಲದಲ್ಲಿಯೂ ಅದರ ಮುಂದಣ ತಿಂಗಳುಗಳಲ್ಲಿಯೂ ಯಾವ ಅಣೆಕಟ್ಟಿನ, ಯಾವ ಕೋಡಿಯ ಕೆಳಗೂ ಮಕ್ಕಳನ್ನು ಇಳಿಸಬೇಡಿರಿ. ಅಲ್ಲಿ ನೀರು ಕಡಿಮೆಯಿರುವುದು ಅದು ಇನ್ನೂ ಬಂದಿಲ್ಲವೆಂಬುದಕ್ಕೆ ಮಾತ್ರ ಗುರುತು.

ಆರನೆಯ ರಾತ್ರಿ ಗುಡುಗಿ ಮಳೆ ಬಂದಿತು. ಕೃತ್ತಿಕೆಯ ಮಳೆ, ಒಂದು ಗಂಟೆ ಹೊಡೆದು ನಿಂತಿತು. ಬೆಳಗ್ಗೆ ಓಡಿಹೋಗಿ ನೋಡಿದರೆ ಹುಡುಗಿಯ ಕೊನೆಯ ಎರಡು ಕಡ್ಡಿಗಳು ನೀರಿನೊಳಗಿದ್ದುವು. ಅವಳು ಕುಣಿದಾಡಿದ್ದನ್ನು ನೋಡಿದರೆ, ಕೆರೆಯನ್ನು ತುಂಬಿಸಿದವಳು ತಾನೇ ಎಂಬಂತಿತ್ತು.

ಮರಳುವಾಗ ಬೇರೊಂದು ದಾರಿಯನ್ನು ಹಿಡಿದು, ಶಿಂಷೆಯ ಮೇಲುಭಾಗದಲ್ಲಿರುವ ಗುಬ್ಬಿ ತಾಲ್ಲೂಕಿನ ಕಡಬಕ್ಕೆ ಬಂದೆವು. ತುಮಕೂರಿನ ಬಳಿಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಆ ನದಿಯನ್ನು ಇಲ್ಲಿ ಕಟ್ಟಿ ದೊಡ್ಡ ಕೆರೆಯನ್ನು ಮಾಡಿದ್ದಾರೆ. ಲಂಕೆಯಿಂದ ಮರಳುವಾಗ ಶ್ರೀರಾಮನು ಇಲ್ಲಿ ಬೀಡುಬಿಟ್ಟಿದ್ದನೆಂದೂ, ಆ ನೆನಪು ಉಳಿಯುವಂತೆ ಏನನ್ನಾದರೂ ಮಾಡಬೇಕೆಂದು ಸೀತಾದೇವಿಯು ಕೇಳಿದಳೆಂದೂ, ಅದರಂತೆ ಈ ಕೆರೆಯಾಯಿತೆಂದೂ ಸ್ಥಳದ ಐತಿಹ್ಯ. ಕಡಲಿಗೆ ಸೇತುವೆಯನ್ನು ಕಟ್ಟಿ ಬಂದವರನ್ನು ನಮ್ಮ ಸೀಮೆಯ ಹೆಣ್ಣುಮಕ್ಕಳು ಸುಮ್ಮನೆ ಬಿಡದೆ ಒಂದು ಕೆರೆಯನ್ನೂ ಕಟ್ಟಿಸಿಕೊಂಡಂತೆ ಕಥೆ ಹೆಣೆದಿರುವುದು ನನಗೆ ಬಹಳ ಹಿಡಿಸಿತು. ಅತ್ತೆಯವರು ಆ ದಡದಲ್ಲಿ ಅರ್ಧ ಗಂಟೆ ನೀರಿನಲ್ಲಿ ಕಾಲನ್ನು ಬಿಟ್ಟುಕೊಂಡು ಕುಳಿತರು. ಏಳಬೇಕೆಂದಾಗ, “ಇನ್ನೊಂದು ಸ್ವಲ್ಪ” ಎಂದು ಮಕ್ಕಳಂತೆ ಕೇಳಿದರು.

ಗುಬ್ಬಿಯಲ್ಲಿ ಚನ್ನಬಸವೇಶ್ವರನ ಗುಡಿಗೆ ಹೋಗಿ, ಆ ದೇವರ ಹೆಸರಿನಲ್ಲಿಯೇ ೧೮೮೪ರಲ್ಲಿ ಹುಟ್ಟಿ, ವೀರಣ್ಣನವರ ಕೈಯಲ್ಲಿ ನಾಡೆಲ್ಲವನ್ನೂ ಸುತ್ತಿದ ನಾಟಕ ಮಂಡಲಿಯ ವಿಷಯವಾಗಿ ಅತ್ತೆಯವರು ಹೇಳಿದ್ದನ್ನೆಲ್ಲ ಬರೆದರೆ ಇನ್ನೊಂದು ಲೇಖನವಾದೀತು. ಹಲಸಿನ ಕಾಲ. ಅದೇ ತಾಲ್ಲೂಕಿನ ಚೇಳೂರಿನ ಕೆಂಪು ತೊಳೆಯ ಹಲಸು ಈಗ ಹೆಸರಾಗಿದೆ. ದಾರಿಬದಿಯಲ್ಲಿ ಕೊಂಡ ನಮ್ಮ ಹಣ್ಣಿನದು ಹಳದಿ ತೊಳೆಯೇ ಆಗಿದ್ದರೂ ರುಚಿಗೆ ಕೊರತೆಯಿರಲಿಲ್ಲ. ಸಂಜೆಯ ರೈಲಿನಲ್ಲಿ ತುಮಕೂರಿಗೆ ಬಂದಿಳಿದೆವು.

ಹುಡುಗಿಯು ಕೆರೆಯಂಗಳದಲ್ಲಿ ಆರಿಸಿದ ಬಸವನಹುಳುವಿನ ಚಿಪ್ಪುಗಳನ್ನೂ ಸಿಂಪಿಗಳನ್ನೂ ಒಂದು ಡಬ್ಬಿಯ ತುಂಬ ತಂದಿದ್ದಾಳೆ. ಕಡಲ ಚಿಪ್ಪುಗಳ ಬಣ್ಣ ಅವಕ್ಕಿಲ್ಲ. ಕೆಸರಿನ ವಾಸನೆಯು ಎರಡು ಸಲ ತೊಳೆದರೂ ಹೋಗಿಲ್ಲ. ಅವನ್ನು ಎಸೆಯೋಣವೆಂದರೆ ಅತ್ತೆಯವರೇ ಬೇಡವೆನ್ನುತ್ತಾರೆ. ಡಬ್ಬಿಯು ಈಗ ಅವರ ಮಂಚದ ಕೆಳಗೆ ಇದೆ.